ಬಂಡೆಯ ಕೆಳಗಿನಿಂದ ಅಂದ ಮಾತು

ರೂಪಾ, ಅವತ್ತು ನಾನು "ನಿನ್ ಕೈಲಾಗಲ್ಲ, ಬಿಡು" ಅನ್ನಲಿಲ್ಲ. ಬರೀ "ಬಿಡು" ಅಂದೆ.

ಆರು ವರ್ಷದಿಂದ ಅಮ್ಮನಿಗೆ, ಆಸ್ಪತ್ರೆಯವರಿಗೆ, ನಿನಗೆ — ಎಲ್ಲರಿಗೂ ಆ ಉದ್ದದ ಮಾತನ್ನೇ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಹಂಗಿಸಿದಳು, ತಂಗಿ ಅರ್ಧ ಮಾತು ಕೇಳಿಸಿಕೊಂಡು ಕೈ ಬಿಟ್ಟಳು, ಬಿದ್ದಳು. ಎಷ್ಟು ಸಲೀಸಾಗಿ ನಂಬಿದರು! ನೀನೂ ನಂಬಿದೆ. ನಿನ್ನ ಕಿವಿಗಿಂತ ನನ್ನ ಬಾಯನ್ನೇ ನಂಬಿದೆ.

ಇದನ್ನು ಬರೆಯುವಾಗ ನಿನ್ನ ಮೇಲೆ ಪ್ರೀತಿ ಉಕ್ಕುತ್ತಿದೆ ಅಂದುಕೊಳ್ಳಬೇಡ. ಸಿಟ್ಟು ಇನ್ನೂ ಹಾಗೇ ಇದೆ. ಅದನ್ನು ಮುಚ್ಚಿಟ್ಟರೆ ಇದು ಮತ್ತೊಂದು ಸುಳ್ಳಾಗುತ್ತದೆ.

ಟೇಕಲ್ ಬೆಟ್ಟದ ಹಿಂದಿನ ಕುರುಚಲು ಕಾಡಿನ ಬಂಡೆಗಳನ್ನು ನಮ್ಮ ಮನೆಯಲ್ಲಿ ಮೊದಲು ಹತ್ತಿದವಳು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ನನ್ನ ಕೈಗೆ ಮೇಕೆಗಳನ್ನು ಕೊಟ್ಟರು. ಮೇಕೆ ಹತ್ತಿದ ಕಡೆಗೆಲ್ಲ ಬರಿಗಾಲಲ್ಲಿ ಹತ್ತಿದೆ. ಸೀತಾಫಲದ ಪೊದೆಗಳ ಹಿಂದಿನ ಆ ಬೋಳು ಬಂಡೆ — ಗೂಬೆ ಬಂಡೆ ಅನ್ನುತ್ತಿದ್ದೆವಲ್ಲ — ಅದರಲ್ಲಿ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನಿನ್ನ ಸೊಂಟ ಹಿಡಿದು ಮೊದಲ ಸಲ ಮೇಲಕ್ಕೆತ್ತಿದವಳೂ ನಾನೇ.

ಆಮೇಲೆ ಭಾನುವಾರಗಳಂದು ಬೆಂಗಳೂರಿನಿಂದ ಬಂಡೆ ಹತ್ತುವವರು ಬರತೊಡಗಿದರು. ಹಗ್ಗವಿಲ್ಲ, ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸಲು ಬೆನ್ನ ಮೇಲೆ ಮಡಚಿದ ದಪ್ಪ ಹಾಸಿಗೆ, ಕೈ ಜಾರದಿರಲು ಸೊಂಟದಲ್ಲಿ ಬಿಳಿ ಪುಡಿಯ ಚೀಲ. ಕಾಲೇಜಿಗೆ ಹೋಗುತ್ತಿದ್ದ ನೀನು ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದೆ. ನಿನಗೆ ಬಿಗಿಯಾದ ಶೂ ಸಿಕ್ಕಿತು. ಒಂದು ಹಳೆಯ ಹಾಸಿಗೆಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದರು. ನಿನ್ನನ್ನು ಯಾವುದೋ ಸ್ಪರ್ಧೆಗೆ ಕಳಿಸುವ ಮಾತೂ ಬಂತು.

ಒಂದು ಭಾನುವಾರ ಅವರಲ್ಲೊಬ್ಬಳು ನನ್ನ ಕಡೆ ಕೈ ತೋರಿಸಿ, "ಇವರೂ ಹತ್ತುತ್ತಾರಾ?" ಅಂದಳು.

"ಅಯ್ಯೋ, ಇಲ್ಲ. ನಮ್ಮಕ್ಕ ಹಾಸ್ಗೆ ಹೊರೋಕೆ ಬಂದವ್ಳೆ," ಅಂದೆ ನೀನು.

ಎಲ್ಲರೂ ನಕ್ಕರು. ನಾನೂ ನಕ್ಕೆ — ನಗದೆ ಏನು ಮಾಡಲಿ?

ಎರಡು ದಿನ ಕಳೆದು ನಾವಿಬ್ಬರೇ ಗೂಬೆ ಬಂಡೆಗೆ ಹೋದೆವು. ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಹತ್ತುವವಳ ಮುಖ ಬಂಡೆಗೆ ಅಂಟಿರುತ್ತದೆ, ಅವಳಿಗೆ ಕೆಳಗಿನದು ಕಾಣುವುದಿಲ್ಲ. ಕೆಳಗಿದ್ದವಳು ಹಾಸಿಗೆಯನ್ನು ಸರಿಯಾಗಿ ಅವಳ ಅಡಿಗೆ ಎಳೆದು, ಎರಡೂ ಕೈ ಮೇಲೆತ್ತಿ ನಿಂತು, ಆಗ ಮಾತ್ರ "ಬಿಡು" ಅನ್ನಬೇಕು. ಆ ಮಾತು ಬರುವ ತನಕ ಏನೇ ಆದರೂ ಕೈ ಬಿಡಬಾರದು. ಮನೆಯಲ್ಲಿ ದಿನಕ್ಕೆ ನೂರು ಸಲ ಅನ್ನುತ್ತೇವೆ — ಹೋಗ್ಲಿ ಬಿಡು, ಆಯ್ತು ಬಿಡು. ಬಂಡೆಯ ಕೆಳಗೆ ಅದಕ್ಕೆ ಒಂದೇ ಅರ್ಥ. ಆ ಕಟ್ಟುಪಾಡು ಮಾಡಿದವಳು ನಾನೇ.

ನೀನು ಅರ್ಧಕ್ಕಿಂತ ಮೇಲೆ ಹೋಗಿ ಸಿಕ್ಕಿಕೊಂಡೆ.

"ಅಕ್ಕಾ, ಎಡಗಡೆ ಏನಾದ್ರೂ ಐತಾ? ಹೇಳೇ!"

ಇತ್ತು. ಅಂಚಿನ ಹಿಂದೆ ಮೂರು ಬೆರಳು ಹಿಡಿಸುವ ಗುಳಿ. ಹೇಳಲಿಲ್ಲ.

"ಹಾಸ್ಗೆ ಎಳಿಯೇ, ಕೈ ಸೋತೋಯ್ತು ಕಣೇ!"

ಹಾಸಿಗೆ ನನ್ನ ಬಲಕ್ಕೆ, ಎರಡು ಮಾರು ದೂರದಲ್ಲಿತ್ತು. ಎಳೆಯುವುದಕ್ಕೆ ಸಮಯವಿತ್ತು. ನಾನು ಅದನ್ನು ನೋಡಿದೆ. ನಿನ್ನ ಅಡಿಯಲ್ಲಿದ್ದ ಕಲ್ಲನ್ನೂ ನೋಡಿದೆ — ಇದನ್ನು ಬರೆಯಲೇಬೇಕು, ನೋಡಿದೆ. ಹಾಸಿಗೆ ಹೊರೋಕೆ ಬಂದವಳು...

"ಬಿಡು" ಅಂದೆ.

ನೀನು ತಿರುಗಿ ಕೂಡ ನೋಡಲಿಲ್ಲ. ಅಂದ ಕೂಡಲೇ ಬಿಟ್ಟೆ.

ಹಿಮ್ಮಡಿಯ ಮೂಳೆ ಪುಡಿಯಾಯಿತು. ಸ್ಪರ್ಧೆ ಹೋಯಿತು, ಹತ್ತುವುದೇ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ನೀನು, "ಬಿಡು ಅಂತ ಮಾತ್ರ ಕೇಳಿಸ್ತು" ಅಂದಾಗ ಅಮ್ಮ ತನ್ನ ತೆಲುಗಿನಲ್ಲಿ, "ನೀ ಚೆವುಲಕೇಮೊಚ್ಚಿಂದೇ!" ಎಂದು ಗದರಿದಳು — ನಿನ್ನ ಕಿವಿಗೇನು ಬಂತು ಎಂದು. ನಾನು ಆ ಉದ್ದದ ಮಾತನ್ನೇ ಇನ್ನೊಮ್ಮೆ ಹೇಳಿದೆ. ಕೋಲಾರದಲ್ಲಿ ಕಿವಿ ಪರೀಕ್ಷೆ ಮಾಡಿದವರು ಏನೂ ತೊಂದರೆ ಇಲ್ಲ ಅಂದರು. ಆದರೂ ಅಮ್ಮ ತಿಂಗಳುಗಟ್ಟಲೆ ನಿನ್ನ ಕಿವಿಗೆ ಎಣ್ಣೆ ಹಾಕಿದಳು. ಆ ಎಣ್ಣೆಯನ್ನು ಬೆಚ್ಚಗೆ ಮಾಡಿ ಕೊಟ್ಟವಳು ನಾನು.

ಹೋದ ವಾರ ನೀನು ಕೆಲಸ ಮಾಡುವ ಮಾಲೂರಿನ ಬಟ್ಟೆ ಅಂಗಡಿಗೆ ಬಂದಿದ್ದೆ, ನಿನಗೆ ಕಾಣದಂತೆ ಬಾಗಿಲಲ್ಲೇ ನಿಂತಿದ್ದೆ. ಒಬ್ಬ ಹೆಂಗಸು ಹಸಿರು ಸೀರೆ ಕೇಳಿದಳು.

"ಏನಂದ್ರಿ? ಹಸ್ರಾ?"

"ಹೂಂ."

"ಹಸ್ರೇ ತಾನೇ?"

"ಏನಮ್ಮಾ, ಕಿವುಡಾ ನಿಂಗೆ?"

ನೀನು ನಕ್ಕು, "ಸ್ವಲ್ಪ ಹಂಗೇ ಅಕ್ಕಾ" ಅಂದೆ.

ಆ ಹೆಂಗಸಿನ ಜುಟ್ಟು ಹಿಡಿಯಬೇಕು ಅನ್ನಿಸಿತು. ಯಾವ ಮುಖ ಹೊತ್ತು ಹಿಡಿಯಲಿ? ಆ ಮಾತನ್ನು ನಿನ್ನ ಬಾಯಿಗೆ ಹಾಕಿದವಳು ನಾನು. ಅಂಗಡಿಯೊಳಗೆ ಬರದೆ ಹಾಗೇ ವಾಪಸ್ಸು ಬಂದೆ.

ಹಾಸಿಗೆ ಹೊರುವವಳು ಅಂದದ್ದಕ್ಕೆ ನಿನ್ನನ್ನು ನಾನಿನ್ನೂ ಕ್ಷಮಿಸಿಲ್ಲ. ನೀನೂ ನನ್ನನ್ನು ಕ್ಷಮಿಸಬೇಡ. ಕ್ಷಮೆ ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ.

ಮಂಗಳವಾರ ನಿನಗೆ ರಜೆ. ಅಮ್ಮನ ಎದುರಿಗೇ ಕೂತು ಇದನ್ನು ಓದುತ್ತೇನೆ. ನೀನು ಅಭ್ಯಾಸಬಲದಿಂದ "ಏನಂದೆ?" ಅನ್ನುತ್ತೀಯ. ಮತ್ತೆ ಓದುತ್ತೇನೆ. ಮೂರನೇ ಸಲ ಕೇಳಿದರೂ ಅದನ್ನೇ — "ಬಿಡು" ಅಂದೆ, ರೂಪಾ. ನೀನು ಕೇಳಿಸಿಕೊಂಡದ್ದು ಸರಿ.