ಪಂಪು ಹಾಕುವ ಮೊದಲು

ಮೊನ್ನೆ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಬ್ಲೀಚಿಂಗ್ ಪೌಡರಿನ ಘಾಟು ಹೊತ್ತ ನೀರು ಬಂತು. ಇನ್ನು ದಿನ ಬಿಟ್ಟು ದಿನ ನೀರು ಎಂಬ ಸುದ್ದಿ ಆಗಲೇ ಫೋನಿಗೆ ಬಂದಾಗಿತ್ತು. ಆ ಘಾಟಿಗೂ ಆ ಸುದ್ದಿಗೂ ನನಗೆ ನೆನಪಾದವರು ಪಕ್ಕದ ಮನೆಯಲ್ಲಿದ್ದ ಮಾಷ್ಟ್ರು.

ಎಂಬಿಎ ಮಕ್ಕಳಿಗೆ ಪಾಠ ಮಾಡಿ ನಿವೃತ್ತರಾದವರು ಅವರು. ಕಂಪನಿ, ಮಾರುಕಟ್ಟೆ, ಸರ್ಕಾರ ಯಾವುದೂ ಕೀಲಿ ಕೊಟ್ಟರೆ ನಡೆಯುವ ಯಂತ್ರವಲ್ಲ, ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಬದಲಾಗುತ್ತ, ಆ ಬದಲಾವಣೆ ತಿರುಗಿ ಮೊದಲಿನವರಿಗೇ ತಟ್ಟುವ ಸಂಕೀರ್ಣ ವ್ಯವಸ್ಥೆಗಳು ಎಂಬುದು ಅವರ ಜೀವಮಾನದ ಪಾಠ. ಸರ್ಕಾರದ ಯಾವ ಹೊಸ ಯೋಜನೆ ಓದಿದರೂ ‘ಇದಕ್ಕೆ ಜನ ಎಂತ ಮಾಡ್ತಾರೆ ಅಂತ ಯಾರಾದ್ರೂ ಯೋಚಿಸಿದ್ದಾರಾ?’ ಎಂದು ರೇಗುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ. ನನಗೆ ಅವರೆಂದರೆ ಪ್ರೀತಿಯೂ ಹೌದು, ಬೆಳಿಗ್ಗೆ ಮಾತಿಗೆ ಸಿಕ್ಕರೆ ಬಸ್ಸು ತಪ್ಪೀತೆಂಬ ಹೆದರಿಕೆಯೂ ಹೌದು.

ನನ್ನ ಮಗಳು ಇನ್ನೂ ಕೂಸಾಗಿದ್ದ ಒಂದು ಬೇಸಗೆಯಲ್ಲಿ ಜೆಪ್ಪುವಿನ ನಮ್ಮ ಓಣಿಗೆ ಮೊದಲ ಸಲ ದಿನ ಬಿಟ್ಟು ದಿನ ನೀರು ಎಂದಾಯಿತು. ನೀರು ಉಳಿಯಲಿ ಎಂದೇ ಮಾಡಿದ ಏರ್ಪಾಡು. ಆದರೆ ನಾಳೆ ಇಲ್ಲವೆಂದು ಗೊತ್ತಾದ ಮೇಲೆ ಜನ ಸುಮ್ಮನಿರುತ್ತಾರೆಯೇ? ಎಲ್ಲರೂ ಹೊಸ ಟ್ಯಾಂಕಿ ತಂದರು, ಪೈಪಿಗೇ ಪಂಪು ಕೂರಿಸಿದರು. ನಮ್ಮ ಮನೆಯಲ್ಲೂ ಅದೇ. ಕಂಕನಾಡಿಯಲ್ಲಿ ಅಂಗಡಿಯಿದ್ದ ಎದುರುಮನೆಯ ಹಾಜಿಯವರಿಂದಲೇ ಎಲ್ಲರ ಖರೀದಿ. ಒಬ್ಬರು ದೊಡ್ಡದು ತಂದರೆ ಪಕ್ಕದವರು ಅದಕ್ಕಿಂತ ದೊಡ್ಡದು ತರುತ್ತಿದ್ದರು. ಹೀಗೆ ಮೊದಲಿಗಿಂತ ಹೆಚ್ಚೇ ನೀರು ಎಳೆದೆವು.

ಓಣಿಯ ತುದಿಯ ದಿಬ್ಬದ ಮನೆಗೆ ಹನಿಯೂ ಹತ್ತಲಿಲ್ಲ. ಅಲ್ಲಿ, ಬಾಯಮ್ಮ ಎಂದು ನಾವೆಲ್ಲ ಕರೆಯುತ್ತಿದ್ದ ಕೊಂಕಣಿ ಹೆಂಗಸು, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದರು. ನನ್ನ ಮಗಳೂ ಅಲ್ಲೇ. ಒಂದು ಬೆಳಿಗ್ಗೆ ಮಗುವನ್ನೆತ್ತಿಕೊಂಡು ಹೋದರೆ ಬಾಯಮ್ಮ ಗೇಟಿನಲ್ಲೇ ನಿಂತಿದ್ದರು.

‘ಮಕ್ಕಳ ಕುಂಡೆ ತೊಳೀಲಿಕ್ಕೂ ನೀರಿಲ್ಲ ಮಾರಾಯ್ತಿ. ಸೋಮವಾರದಿಂದ ಬಂದ್ ಮಾಡ್ತೇನೆ.’

ಕೊಟ್ಟಾರದ ಆಫೀಸಿನಲ್ಲಿ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮಗುವನ್ನು ಬಿಡಲು ಬೇರೆ ಜಾಗವಿರಲಿಲ್ಲ. ಇನ್ನು ಕೆಲಸ ಹೋಯಿತೆಂದೇ ತಿಳಿದು ದಾರಿಯಲ್ಲೇ ಅತ್ತುಬಿಟ್ಟೆ.

ಮಾಷ್ಟ್ರಿಗೆ ಹೇಳಿದೆ. ಸಂಜೆಯೇ ಎಲ್ಲರನ್ನೂ ತಮ್ಮ ಜಗಲಿಗೆ ಕರೆದರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಾಣಗಳನ್ನು ಬರೆದು, ನಮ್ಮ ಪಂಪುಗಳು ನಮ್ಮದೇ ಮಕ್ಕಳ ನೀರನ್ನು ಎಳೆಯುತ್ತಿರುವುದನ್ನು ವಿವರಿಸಿದರು. ಮನೆಗಿಷ್ಟು ಹೊತ್ತು ಎಂದು ಸರದಿ ಹಂಚಿದರು. ‘ನಾನು ಮಾರಿದ್ದು ಪಂಪು ಮಾಷ್ಟ್ರೇ, ನೀರಲ್ಲ’ ಎಂದು ಹಾಜಿಯವರು ಎಲ್ಲರನ್ನೂ ನಗಿಸಿದರು.

ಸರದಿ ಮೊದಲ ದಿನವೇ ಮುರಿಯಿತು. ಎಲ್ಲೋ ಒಂದು ಪಂಪು ಗುರ್ರೆಂದದ್ದೇ ತಡ, ತಾನೊಬ್ಬ ಸುಮ್ಮನಿದ್ದರೆ ಮೋಸಹೋದಂತೆ ಎಂದು ಓಣಿಗೆ ಓಣಿಯೇ ಗುರ್ರೆಂದಿತು. ಮಾಷ್ಟ್ರು ಬಿಸಿಲಲ್ಲಿ ಕೊಡೆ ಹಿಡಿದು ಗೇಟಿನಿಂದ ಗೇಟಿಗೆ ಹೋಗಿ ಬೈದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಸಿಟ್ಟಿಳಿದಿತ್ತು. ‘ತಪ್ಪು ನನ್ನದೇ. ಇವರಿಗೆ ಕೇಳುವುದು ಪಕ್ಕದ ಮನೆಯ ಪಂಪು ಮಾತ್ರ. ದಿಬ್ಬದ ಮೇಲೆ ಎಂತ ಆಗ್ತಾ ಉಂಟು ಅಂತ ಗೊತ್ತೇ ಆಗುದಿಲ್ಲ’ ಎಂದರು. ಸರದಿಯನ್ನೆಲ್ಲ ಬಿಟ್ಟು ಒಂದೇ ನಿಯಮ ಇಟ್ಟರು. ತಮ್ಮ ಡ್ರಮ್ಮು ತುಂಬಿದ ಮೇಲೆ ಬಾಯಮ್ಮ, ಮಕ್ಕಳನ್ನು ಊಟಕ್ಕೆ ಕರೆಯುವ ಗಂಟೆ ಬಾರಿಸಬೇಕು. ಆಮೇಲೆ ಯಾರು ಎಷ್ಟು ಬೇಕಾದರೂ ಎಳೆಯಬಹುದು. ಗಂಟೆಗೆ ಮೊದಲೇ ಯಾರಾದರೂ ಪಂಪು ಹಾಕಿದರೆ ಅದೊಂದೇ ಸದ್ದು ಓಣಿಗೆಲ್ಲ ಕೇಳಿ ಸಿಕ್ಕಿಬೀಳುತ್ತಿದ್ದರು. ನಾವು ತಾಯಂದಿರಂತೂ ಕಿವಿ ನಿಮಿರಿಸಿ ಕೂತಿದ್ದೆವು.

ಭಾನುವಾರ ಪೈಪಿನಲ್ಲಿ ನೀರು ಬಂದು ಎಷ್ಟು ಹೊತ್ತಾದರೂ ಓಣಿ ನಿಶ್ಶಬ್ದ. ಹಾಜಿಯವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಿಟಕಿಯಲ್ಲಿ ನಿಂತಿದ್ದರು. ಯಾರೋ ಒಬ್ಬರು ತಡೆಯಲಾರದೆ ಹಾಕಿಬಿಟ್ಟರೆ... ಕೊನೆಗೂ ಗಂಟೆ ಕೇಳಿತು. ಸೋಮವಾರ ಮಗಳನ್ನು ಬಿಟ್ಟು ನಾನು ಆಫೀಸಿಗೆ ಹೋದೆ.

ಇದನ್ನೇ ಊರಿಗೆಲ್ಲ ಮಾಡಬಹುದಲ್ಲ ಎಂದು ಆಮೇಲೊಮ್ಮೆ ಕೇಳಿದ್ದೆ. ಮಾಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ‘ಬೇರೆ ಓಣಿಗೆ ಬೇರೆ ಎಂತದೋ ಬೇಕು. ಅಲ್ಲಿಗೆ ಹೋಗಿ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ.’

ಮಾಷ್ಟ್ರು ಹೋಗಿ ಎಷ್ಟೋ ವರ್ಷಗಳಾದವು. ಬಾಯಮ್ಮನೂ ಇಲ್ಲ. ಓಣಿಯ ಪಂಪುಗಳು ಈಗ ನೆಲದೊಳಗೆ, ಸದ್ದೇ ಮಾಡದಂಥವು. ಮೊನ್ನೆ ನಮ್ಮ ಸಂಪು ತುಂಬಿಸಲು ಸ್ವಿಚ್ಚಿಗೆ ಕೈ ಹಾಕಿದವಳು ಕಿಟಕಿಯಿಂದ ದಿಬ್ಬದ ಕಡೆ ನೋಡಿದೆ. ಯಾರೋ ಬಾಡಿಗೆಗೆ ಬಂದಿದ್ದಾರೆ. ಹಗ್ಗದ ಮೇಲೆ ಮಗುವಿನ ಬಟ್ಟೆಗಳಿದ್ದವು. ಅವರ ಹೆಸರು ನನಗೆ ಗೊತ್ತಿಲ್ಲ. ಅವರಿಗೆ ನೀರು ಹತ್ತುತ್ತದೆಯೇ ಎಂದೂ ಗೊತ್ತಿಲ್ಲ. ಇಂಥದ್ದನ್ನೆಲ್ಲ ವಿಚಾರಿಸುತ್ತಿದ್ದವರು ಒಬ್ಬರಿದ್ದರು, ಈಗ ಇಲ್ಲ ಎಂಬುದು ಅಷ್ಟು ವರ್ಷಗಳ ಮೇಲೆ ಮತ್ತೆ ನೋವು ಕೊಟ್ಟಿತು. ಸ್ವಿಚ್ಚು ಹಾಕದೆ, ಚಪ್ಪಲಿ ಮೆಟ್ಟಿಕೊಂಡು, ಕೇಳಿ ಬರೋಣವೆಂದು ದಿಬ್ಬ ಹತ್ತಿದೆ.