ಗ್ಲಾಸಿನ ತಳದ ನಾಣ್ಯ

ಫ್ರಿಜ್ ರಿಪೇರಿ ಮಾಡುವವನ ತಾಯಿಯಾಗಿ ಬಾಳುವುದು ಸುಲಭದ ಮಾತಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ಕೂದಲು ಹಣ್ಣಾಗುವವರೆಗೆ ಸೌಟು ಹಿಡಿದ ಆಕೆ ಒಂದು ಅಗುಳನ್ನೂ ದಂಡ ಮಾಡಿದವಳಲ್ಲ. ಅಂಥವಳ ಮನೆಯಲ್ಲೇ ಮಗನದು ಬೇರೆ ಕಾನೂನು. ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಎಸೆದುಬಿಡು. ಫ್ರಿಜ್ಜಿನಲ್ಲಿಟ್ಟದ್ದು ಮೂರು ದಿನ ದಾಟಿದರೆ ಎಸೆದುಬಿಡು. ಅವನು ಪಾತ್ರೆ ಬೋರಲು ಹಾಕಿದಾಗಲೆಲ್ಲ ಆಕೆಗೆ ಹೊಟ್ಟೆ ಉರಿಯುತ್ತಿತ್ತು.

“ಮೊದ್ಲು ವಾಸನೆ ನೋಡೋ! ಮೂಗು ಯಾಕಿರೋದು ಮತ್ತೆ?”

“ಕೆಟ್ಟಿದ್ದೆಲ್ಲ ನಾರುತ್ತೆ ಅಂತೇನಿಲ್ಲಮ್ಮ. ಕೆಲವು ವಿಷ ಎಷ್ಟು ಕುದಿಸಿದ್ರೂ ಹೋಗಲ್ಲ.”

“ಹಾಗಾದ್ರೆ ನಿನ್ನನ್ನ ಇಷ್ಟುದ್ದ ಬೆಳೆಸಿದ್ದು ಹೇಗೋ?”

ಅವನು ನಗುತ್ತಲೇ ಎಸೆಯುತ್ತಿದ್ದ.

ಫ್ರೀಜರಿನಲ್ಲಿ ಗಡ್ಡೆಯಾಗಿದ್ದಕ್ಕೆ ಮಾತ್ರ ರಿಯಾಯಿತಿ, ಅಲ್ಲೂ ಅವನದೊಂದು ಕಾವಲು ಇತ್ತು. ಗ್ಲಾಸಿನಲ್ಲಿ ನೀರು ಗಡ್ಡೆ ಕಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟಿದ್ದ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟು ಬಹಳ ಹೊತ್ತು ಹೋದರೆ ಐಸು ಕರಗಿ ನಾಣ್ಯ ಮುಳುಗುತ್ತದೆ. ಮತ್ತೆ ಗಡ್ಡೆ ಕಟ್ಟಿದರೂ ಅದು ತಳದಲ್ಲೇ ಕೂತು ಚಾಡಿ ಹೇಳುತ್ತದೆ.

ಆ ವಾರ ಮಗ, ಮೊಮ್ಮಗಳು ಸೊಸೆಯ ತವರಿಗೆ ಹೋಗಿದ್ದರು, ಈಕೆ ತಂಗಿಯ ಮನೆಗೆ. ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ ಮೊದಲು ವಾಪಸು ಬಂದವಳು ಈಕೆಯೇ. ಫ್ರೀಜರು ತೆರೆದರೆ ನಾಣ್ಯ ತಳದಲ್ಲಿತ್ತು. ಪಕ್ಕದಲ್ಲೇ ಡಬ್ಬಿ ತುಂಬ ಬೇಯಿಸಿಟ್ಟ ಕೋಳಿಮಾಂಸ, ಕಲ್ಲಿನಂತೆ ಗಟ್ಟಿಯಾಗಿ. ತಾನೇ ಕೈಯಾರೆ ಮಾಡಿದ್ದು. ಮೂಸಿ ನೋಡಿದಳು, ಏನೂ ಇಲ್ಲ. ಬಿಸಿನೀರಿನಲ್ಲಿ ಐಸು ಕರಗಿಸಿ, ಹೊಸದಾಗಿ ಗಡ್ಡೆ ಕಟ್ಟಿಸಿ, ನಾಣ್ಯವನ್ನು ಮೇಲೆ ಕೂರಿಸಿದಳು. ಮಧ್ಯಾಹ್ನ ತಾನೇ ಒಂದಿಷ್ಟು ಬಿಸಿಮಾಡಿ ತಿಂದಳು. ಏನೂ ಆಗಲಿಲ್ಲ. ಮಗನನ್ನು ಗೆದ್ದೆನೆಂದು ಒಳಗೊಳಗೇ ಹಿಗ್ಗಿದಳು.

ಸಂಜೆ ಅಪ್ಪ ಮಗಳು ಬಂದರು. ಸೊಸೆ ತವರಿನಲ್ಲೇ ಉಳಿದಿದ್ದಳು. ಮಗ ಬಂದವನೇ ಗ್ಲಾಸು ನೋಡಿ, “ಪರವಾಗಿಲ್ಲ, ಕರೆಂಟು ಹೋಗಿಲ್ಲ” ಎಂದು ಡಬ್ಬಿ ತೆಗೆದ. ಮಾಂಸ ಕುದಿಯತೊಡಗಿದಾಗ ಆಕೆಯ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಗ್ಯಾಸಿರಬೇಕು ಎಂದುಕೊಂಡಳು. ಎರಡನೆಯ ಸಲ ಹಿಂಡಿದಾಗ ಹಣೆಯಲ್ಲಿ ಬೆವರೊಡೆಯಿತು. ಹೇಳಿದರೆ ಮಗನ ಮುಂದೆ ಮುಖ ಎಲ್ಲಿಡುವುದು? ಹೇಳದಿದ್ದರೆ? ಅಷ್ಟರಲ್ಲಿ ಮಗ ತುಂಡನ್ನು ಊದಿ ಆರಿಸಿ, ತನ್ನ ಕೈಯಾರೆ ಮಗುವಿನ ಬಾಯಿಗಿಟ್ಟಿದ್ದ.

“ಉಗಿ! ಉಗಿಯೇ ಪುಟ್ಟೀ!”

ಆ ಕೂಗಿಗೆ ಮಗು ಬೆಚ್ಚಿಬಿದ್ದು, ಉಗಿದು, ಅಳತೊಡಗಿತು. ತಟ್ಟೆ ನೆಲಕ್ಕೆ ಬಿತ್ತು.

“ನಾಣ್ಯ ತಳದಲ್ಲಿತ್ತು ಕಣೋ. ನಾನೇ ಮೇಲಿಟ್ಟೆ.”

ಮಗನ ಮುಖ ಕೆಂಪಾಯಿತು. ಮಗುವಿನ ಬಾಯಿ ತೆರೆಸಿ ಬೆರಳಾಡಿಸಿ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

“ನೀನು ತಿಂದ್ಯಾ?”

“ಮಧ್ಯಾಹ್ನ.”

ಬೈಗುಳ ಬರಲಿಲ್ಲ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಅಹಂಕಾರ ಎಂದುಕೊಂಡಿದ್ದು ಬರೀ ಹೆದರಿಕೆ ಎಂದು ಆಕೆಗೆ ಆಗ ಅರ್ಥವಾಯಿತು. ಅವನು ಪಕ್ಕದ ಮನೆಯವರನ್ನು ಕೂಗುವಷ್ಟರಲ್ಲಿ ಆಕೆ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದರು. ಅವನು ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದ. ಕಣ್ಣು ಬಿಟ್ಟಾಗಲೆಲ್ಲ ಆಕೆ ಕೇಳಿದ್ದು ಒಂದೇ.

“ಪುಟ್ಟಿ?”

“ಚೆನ್ನಾಗಿದ್ದಾಳೆ. ಅವಳು ನುಂಗಿರ್ಲಿಲ್ಲ. ನೀನು ಕೂಗಿದ್ಯಲ್ಲ.” ಅವನು ಹೊದಿಕೆ ಸರಿಮಾಡಿದ. “ಇನ್ಮೇಲೆ ಎಸೆಯೋ ಮುಂಚೆ ನಿನ್ನನ್ನ ಒಂದು ಮಾತು ಕೇಳ್ತೀನಮ್ಮ.”

ಆಕೆ ಅವನ ಬೆರಳು ಗಟ್ಟಿಯಾಗಿ ಹಿಡಿದುಕೊಂಡಳು.

“ಕೇಳ್ಬೇಡ. ಎಸೆದ್ಬಿಡು.”