ಮಂಚದ ಕಾಲಿಗೆ ಕಟ್ಟಿದ ದಡಿ

ಕಾರವಾರಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ನನ್ನ ಮೊಮ್ಮಗನ ತೊಡೆಯ ಮೇಲೆ ನನ್ನ ಬೆರಳುಗಳು ಮೂಡಿದವು. ಅವನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮನೆಯವರೆಲ್ಲ ಅದನ್ನು ಕಣ್ಣಾರೆ ಕಂಡಿದ್ದಾರೆ, ಆದ್ದರಿಂದ ಇದನ್ನು ಬರೆದು ನಾನು ಹೊಸದೇನನ್ನೂ ಬಯಲು ಮಾಡುತ್ತಿಲ್ಲ. ಆದರೆ ಅಂದು ಯಾರೂ ನನ್ನನ್ನು ಏಕೆಂದು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ನಮ್ಮದು ಬನಹಟ್ಟಿ. ಹತ್ತನೆಯ ತರಗತಿ ಮುಗಿಸಿ ಮಗ್ಗಕ್ಕೆ ಕೂತವನು ನಾನು. ಮೊದಲು ಅಪ್ಪನ ಕೈಮಗ್ಗ, ಆಮೇಲೆ ಸ್ವಂತದ ಪಾವರ್‌ಲೂಮು. ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಮಾರಿದೆವು. ಮಗ ಮುಧೋಳದಲ್ಲಿ ಸರಕಾರಿ ನೌಕರ, ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾನೆ. ಸೊಸೆ ಜಮಖಂಡಿಯವಳು. ಸಮುದ್ರಕ್ಕೆ ಹೋಗೋಣವೆಂದು ಹಟ ಹಿಡಿದವಳು ಅವಳೇ. ನಮ್ಮಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ನನಗಿದ್ದ ಆಸೆ ಒಂದೇ: ಮೊಮ್ಮಗನ ಕೈ ಹಿಡಿದು ನಿಂತು, ಮೊದಲ ತೆರೆ ಅವನ ಪಾದಕ್ಕೆ ಮುಟ್ಟುವುದನ್ನು ನೋಡಬೇಕು. ಇದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಸೊಸೆ ಮೊಬೈಲಿನಲ್ಲಿ ನೋಡಿಕೊಂಡು ಚೀಲ ತುಂಬುತ್ತಿದ್ದಳು. ಹುಡುಗನ ಒಂದೊಂದು ದಿನದ ಅಂಗಿ, ಚಡ್ಡಿ, ಟೊಪ್ಪಿಗೆಗೆ ಒಂದೊಂದು ಪ್ಲಾಸ್ಟಿಕ್ ಕವರು. ಡೈಪರ್ ಬೇರೆ. ಉಪ್ಪುನೀರಿಗೆ ಮೈ ಉರಿಯಬಾರದೆಂದು ಕೊಬ್ಬರಿ ಎಣ್ಣೆಯ ಬಾಟಲಿ. ಉಸುಕು ತೋಡಲು ಸಣ್ಣ ಬಕೆಟ್ಟು. ನನ್ನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹುಡುಗನಿಗೆಂದು ಅಕ್ಕಿ ಬೇಳೆ ಹುರಿದು ಬೀಸಿಸಿದ ಹಿಟ್ಟು, ಎಲ್ಲವನ್ನೂ ತಂದು ಮಂಚದ ಮೇಲೆ ಒಟ್ಟಿದ್ದಳು.

"ಅತ್ತೀ, ಅಲ್ಲೂ ಊಟಾ ಸಿಗತೈತ್ರಿ," ಎಂದಳು ಸೊಸೆ.

"ಸಿಗತೈತಿ ಖರೆ. ಮೀನಾ ತಿರುವಿದ ಸೌಟಿಲೇನ ನಮಗೂ ಸಾರ ಹಾಕತಾರ. ಇರಲಿ ತಗೊ."

"ಸಮುದ್ರಾ ನೋಡಾಕ ಹೊಂಟೀರೋ, ಮನಿ ಖಾಲಿ ಮಾಡಿ ಹೊಂಟೀರೋ?" ಎಂದು ನಾನು ಕೆಣಕಿದೆ.

"ನೀವೇನ ಹೊರಾಂವ್ರಲ್ಲಲಾ, ಸುಮ್ಕ ಕುಂದರ್ರಿ," ಎಂದಳು ಹೆಂಡತಿ. "ನಿಮ್ಮ ತಂಬಾಕದ ಚೀಲಾ ಒಂದ ನೆನಪಲೆ ಇಟಗೋರಿ."

ಹುಡುಗ ನೀರಿನಲ್ಲಿ ತೇಲಲೆಂದು ತಂದ, ಗಾಳಿ ತುಂಬಿದ ರಬ್ಬರ್ ಬಳೆಯನ್ನು ಕೊರಳಿಗೆ ಹಾಕಿಕೊಂಡು, ಇಟ್ಟದ್ದನ್ನೆಲ್ಲ ಹೊರಗೆ ಎಸೆಯುತ್ತಿದ್ದ. "ಮಾಲಕರು ತಪಾಸಣಿ ಮಾಡಾಕತ್ತಾರ," ಎಂದು ನಾನು ನಕ್ಕೆ. ಅಲ್ಲಿಯವರೆಗೆ ಎಲ್ಲವೂ ನಗೆಯೇ ಆಗಿತ್ತು.

ನಾನೂ ಒಂದು ವಸ್ತುವನ್ನು ಚೀಲಕ್ಕೆ ಸೇರಿಸಿದ್ದೆ, ಯಾರಿಗೂ ಹೇಳದೆ. ಹಳೆಯ ಸೀರೆಯ ಅಂಚನ್ನು, ನಮ್ಮ ಮಾತಿನ ದಡಿಯನ್ನು, ಉದ್ದಕ್ಕೆ ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಲಿದು, ಒಂದು ತುದಿಗೆ ಹುಡುಗನ ಸೊಂಟಕ್ಕೆ ಹಿಡಿಸುವಷ್ಟು ಉರುಳು ಬಿಟ್ಟಿದ್ದೆ. ನೇಕಾರರ ಮನೆಗಳಲ್ಲಿ ಇದು ಹೊಸದಲ್ಲ. ಮಗ್ಗ ಓಡುವಾಗ ಅಂಬೆಗಾಲಿಡುವ ಕೂಸು ಮೋಟಾರಿಗೆ ಕೈಯಿಟ್ಟೀತೆಂದು ಹೆದರಿ, ಸೀರೆಯ ದಡಿಯಿಂದ ಅದನ್ನು ಕಂಬಕ್ಕೆ ಕಟ್ಟುತ್ತಿದ್ದೆವು. ಕೈಮಗ್ಗದ ಕಾಲದಲ್ಲಿ, ಮಗ್ಗದ ಗುಂಡಿಗೆ ಬಿದ್ದೇನೆಂದು ನನ್ನನ್ನೂ ನನ್ನವ್ವ ಕಟ್ಟಿದ್ದಳು. ಸಮುದ್ರವನ್ನು ನಾನು ದೊಡ್ಡದೊಂದು ಮೋಟಾರೆಂದೇ ತಿಳಿದಿದ್ದೆ. ಕಟ್ಟಿದರೆ ಮಗು ಉಳಿದೀತು ಎಂದು ಲೆಕ್ಕ ಹಾಕಿದ್ದೆ.

"ಮಾವಾರ, ಜಳಕಾ ಮಾಡಿ ಬರ್ತೀನ್ರಿ," ಎಂದಳು ಸೊಸೆ. "ಅಲ್ಲೀಮಟಾ ಇವನ್ನ ಹಿಡಕೋರಿ. ಚೀಲದ ಹಂತ್ಯಾಕ ಬಿಡಬ್ಯಾಡ್ರಿ."

ಹೆಂಡತಿ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಹುಡುಗ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಬಗ್ಗಿ ಹಿಡಿಯುವಷ್ಟರಲ್ಲಿ ಜಾರಿಕೊಂಡು ಹೋಗುತ್ತಿದ್ದ. ನನ್ನ ಮೊಣಕಾಲು ಚುರುಗುಟ್ಟಿತು. ಚೀಲದಿಂದ ದಡಿ ತೆಗೆದು, ಉರುಳನ್ನು ಅವನ ಸೊಂಟಕ್ಕೆ ಹಾಕಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದೆ. ಆದರೆ ಅಳತೆ ತಪ್ಪಿತು. ದಡಿ ಚೀಲದವರೆಗೂ ಮುಟ್ಟುತ್ತಿತ್ತು. ಅವನು ಎಣ್ಣೆ ಬಾಟಲಿಯ ಮುಚ್ಚಳ ಕಿತ್ತು, ಇನ್ನೂ ಕವರಿಗೆ ಹಾಕದೆ ಮಡಿಚಿಟ್ಟ ಬಟ್ಟೆಗಳ ಮೇಲೆ ಪೂರ್ತಿ ಸುರಿದು, ನನ್ನ ಮುಖ ನೋಡಿ ನಕ್ಕ.

ಹೊಡೆದೆ. ತೊಡೆಯ ಮೇಲೆ, ಅಂಗೈ ಬಿಚ್ಚಿ. ಅವನು ಉಸಿರು ಹಿಡಿದು ಕಿರುಚಿದ. ಕಿರುಚಿದನೆಂದು ಇನ್ನೊಂದು ಹೊಡೆದೆ. ತಪ್ಪಿಸಿಕೊಳ್ಳಲು ಓಡಿದ. ಆದರೆ ಕಟ್ಟಿದ ಮಗು ಎಲ್ಲಿಗೆ ಓಡೀತು? ಮಂಚದ ಕಾಲಿನ ಸುತ್ತ ಓಡಿದ. ಸುತ್ತಿದಷ್ಟೂ ದಡಿ ಗಿಡ್ಡಾಗುತ್ತ ಬಂದು, ಕೊನೆಗೆ ಅವನ ಕೆನ್ನೆ ಕಟ್ಟಿಗೆಗೆ ಒತ್ತಿಕೊಂಡಿತು. ಆಗಲಾದರೂ ನಾನು ಕೈ ಇಳಿಸಬೇಕಿತ್ತು. ಮತ್ತೊಂದು ಹೊಡೆದೆ.

ಈ ನೋಟವನ್ನು ನಾನು ಮೊದಲೂ ನೋಡಿದ್ದೆ. ನನ್ನ ಮಗ ಮೂರು ವರ್ಷದವನಿದ್ದಾಗ, ಮಗ್ಗದ ಕೋಣೆಯ ಕಂಬಕ್ಕೆ ಕಟ್ಟಿದ್ದವನು ಹೇಗೋ ಕೈ ಚಾಚಿ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ್ದ ಹಾಸಿನ ಎಳೆಗಳನ್ನು ಹಿಡಿಗಟ್ಟಲೆ ಕಿತ್ತಿದ್ದ. ನಾನು ಮೋಟಾರಿನ ಹಳೆಯ ಬೆಲ್ಟು ತೆಗೆದುಕೊಂಡೆ. ಅವನೂ ಹೀಗೆಯೇ ಕಂಬ ಸುತ್ತಿದ, ಹೀಗೆಯೇ ಸಿಕ್ಕಿಕೊಂಡ. ಬಿಚ್ಚಲು ಬಂದ ಹೆಂಡತಿಯ ಕೈ ತಿರುಚಿ ಗೋಡೆಗೆ ಅಪ್ಪಳಿಸಿದೆ. ಬಳೆಚೂರು ಹೊಕ್ಕ ಅವಳ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. ನಾನು ಮಗ್ಗ ನಿಲ್ಲಿಸಿ ಹೊಡೆಯಲಿಲ್ಲ. ಅದು ಓಡುತ್ತಲೇ ಇತ್ತು. ಹಾಗಾಗಿ ಮಗನ ಅಳು ಪಕ್ಕದ ಮನೆಗೂ ಕೇಳಿಸಲಿಲ್ಲ. ಅದು ಒಂದೇ ಸಲ ನಡೆದದ್ದು ಎಂದು ಬರೆಯಲು ಮನಸ್ಸಿದೆ. ಆದರೆ ಅದು ಸುಳ್ಳಾಗುತ್ತದೆ.

ಮರುದಿನ ಕಾರವಾರಕ್ಕೆ ಹೊರಡುವುದಿತ್ತೆಂದು ಮಗ ಅರ್ಧ ದಿನದ ರಜೆ ಹಾಕಿ ಬಂದಿದ್ದ. ಬಾಗಿಲಲ್ಲಿ ಯಾವಾಗಿನಿಂದ ನಿಂತಿದ್ದನೋ ಗೊತ್ತಿಲ್ಲ. ಬಂದವನೇ ಹುಡುಗನ ಸೊಂಟದಿಂದ ಉರುಳು ತೆಗೆದ. ಅಳು ಕೇಳಿ ಒದ್ದೆ ತಲೆಯಲ್ಲಿ ಓಡಿಬಂದ ಸೊಸೆಯ ತೋಳಿಗೆ ಅವನನ್ನು ಕೊಟ್ಟ. ಆಮೇಲೆ ನನ್ನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ನೂಕಿದ. ತಲೆ ಬಡಿಯಿತು. ತುಟಿ ಹಲ್ಲಿಗೆ ಸಿಕ್ಕಿ ಬಾಯಿ ಉಪ್ಪಾಯಿತು. ನನ್ನನ್ನು ಕೆಳಗೆ ಕೆಡವಿ, ಅದೇ ದಡಿಯಿಂದ ನನ್ನ ಎರಡೂ ಮುಂಗೈಗಳನ್ನು ಮಂಚದ ಕಾಲಿಗೆ ಬಿಗಿದ. ನಾನೇ ಕಲಿಸಿದ ಗಂಟು ಅದು.

"ಓಡು," ಎಂದ. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವನಲ್ಲ. "ಈಗ ಸುತ್ತ ಓಡು, ನೋಡೂಣು."

"ತಪ್ಪಾತಪಾ," ಎಂದೆ.

"ನಾನೂ ಇದನ್ನ ಅಂತಿದ್ನಿ. ಆವಾಗ ಕೇಳಿದ್ಯೇನ?"

ಪ್ಯಾಂಟಿನ ಬೆಲ್ಟು ಎಳೆದು ಬೆನ್ನಿಗೆ ಹೊಡೆದ. ಮತ್ತೆ ಹೊಡೆದ. ಹಿತ್ತಲಿನಿಂದ ಬಂದ ನನ್ನ ಹೆಂಡತಿ ಬಟ್ಟೆಯ ರಾಶಿ ಅಪ್ಪಿಕೊಂಡು ನಿಂತಿದ್ದಳು. ಬಿಡಿಸಲು ಅವಳು ಮುಂದೆ ಬರಲಿಲ್ಲ. ಬಿಡಿಸಲು ಹೋದರೆ ಏನಾಗುತ್ತದೆ ಎಂದು ಅವಳಿಗೆ ಕಲಿಸಿದವನು ನಾನೇ.

"ಸಾಕ್ರಿ," ಎಂದಳು ಸೊಸೆ. "ಹುಡುಗ ನೋಡಾಕತ್ತಾನ."

ಮಗ ತಿರುಗಿ ನೋಡಿದ. ಹುಡುಗ ಅಳು ನಿಲ್ಲಿಸಿ, ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದ. ಬೆಲ್ಟು ಮಗನ ಕೈಯಿಂದ ಜಾರಿತು. ಅವನು ಎಣ್ಣೆಯಾದ ಬಟ್ಟೆಗಳ ಮೇಲೆಯೇ ಕುಸಿದು ಕೂತ.

"ಇದು ನನ್ನ ಕೈಯಾಗೂ ಐತಿ," ಎಂದ. ಯಾರಿಗೆ ಹೇಳಿದನೋ. "ಇಲ್ಲಂತ ತಿಳಕೊಂಡಿದ್ನಿ."

ನನ್ನ ಗಂಟು ಬಿಚ್ಚಿದವಳು ಹೆಂಡತಿ. ಮಡಚದ ಬೆರಳಿನಿಂದ ಬಹಳ ಹೊತ್ತು ಹಿಡಿಯಿತು. "ಭಾಳ ಬಿಗದಾನ," ಎಂದಳಷ್ಟೆ.

ಸಂಜೆಯೊಳಗೆ ಸೊಸೆ ಎಣ್ಣೆಯ ಬಟ್ಟೆಗಳನ್ನು ಸೀಗೆಪುಡಿ ಹಾಕಿ ಒಗೆದು, ಫ್ಯಾನಿನ ಕೆಳಗೆ ಹರವಿ, ಚೀಲವನ್ನು ಮೊದಲಿನಿಂದ ತುಂಬಿದಳು. ನನ್ನ ಎರಡು ಧೋತರ ಮತ್ತು ಅಂಗಿ ಕುರ್ಚಿಯ ಮೇಲೆ ಹೊರಗೇ ಉಳಿದವು. ದಡಿಯನ್ನು ಒಲೆಗೆ ಹಾಕಿದೆ.

ಬೆಳಿಗ್ಗೆ ಬಾಡಿಗೆ ಗಾಡಿ ಬಂದು ನಿಂತಾಗ ಸೊಸೆ ನನ್ನ ಬಟ್ಟೆಗಳನ್ನು ಒಂದು ಕೈಚೀಲದಲ್ಲಿ ಹಾಕಿ ತಂದು ನನ್ನ ಮುಂದೆ ಇಟ್ಟಳು.

"ಬರ್ರಿ ಮಾವಾರ. ಒಬ್ಬರ ಇಲ್ಲಿ ಕುಂತು ಏನ ಮಾಡತೀರಿ? ಆದ್ರ ನನ್ನ ಕೂಸಿಗಿ ಕೈ ಹಚ್ಚಬ್ಯಾಡ್ರಿ. ಹೊಡ್ಯಾಕ ಅಷ್ಟ ಅಲ್ಲ, ಎತ್ತಾಕೂ ಬ್ಯಾಡ. ಸಮುದ್ರದಾಗೂ ಬ್ಯಾಡ."

"ಆತವಾ," ಎಂದೆ.

ದಾರಿಯುದ್ದಕ್ಕೂ, ಹುಡುಗ ತೊಡೆ ಏರಿ ಬಂದಾಗಲೆಲ್ಲ ಮಗ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಕೂರುತ್ತಿದ್ದ. ಅದನ್ನು ನೋಡುವುದು ಬೆನ್ನಿನ ಏಟಿಗಿಂತ ಕಷ್ಟವಾಯಿತು.

ಸಮುದ್ರದ ದಂಡೆಯಲ್ಲಿ ನನ್ನನ್ನು ಚೀಲಗಳ ಪಕ್ಕ ಕೂರಿಸಿದರು. ಮೊದಲ ತೆರೆ ಹುಡುಗನ ಪಾದಕ್ಕೆ ಮುಟ್ಟಿದಾಗ ಅವನ ಒಂದು ಕೈ ಅವ್ವನ ಕೈಯಲ್ಲಿತ್ತು, ಇನ್ನೊಂದು ಅಜ್ಜಿಯ ಕೈಯಲ್ಲಿ. ನಾನು ದೂರದಿಂದ ಬರೀ ಬೆನ್ನು ನೋಡಿದೆ. ಮಗ ಮೊಣಕಾಲುದ್ದದ ನೀರಿನಲ್ಲಿ ಅವರಿಗಿಂತ ಮುಂದೆ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಹುಡುಗ ಕೈ ಬಿಡಿಸಿಕೊಂಡು, ಬಿದ್ದು ಎದ್ದು, ನನ್ನ ಕಡೆ ಓಡಿಬಂದ. "ಅಜ್ಜಾ, ಬಾ," ಎಂದು ಅಂಗಿ ಎಳೆದ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ. ಅವನು ಇನ್ನೂ ಎಳೆದ. ನಾನು ಏಳದಿದ್ದಾಗ ಅಂಗೈ ಬಿಚ್ಚಿ ನನ್ನ ಕೆನ್ನೆಗೆ ಹೊಡೆದ. ಹೊಡೆದು, ಏನಾಗುತ್ತದೆಂದು ನನ್ನ ಮುಖ ನೋಡಿದ. ಏನೂ ಆಗಲಿಲ್ಲ. ಇನ್ನಷ್ಟು ಜೋರಾಗಿ ಹೊಡೆದ. ಅವನ ಕೈಯ ಉಸುಕು ನನ್ನ ಕಣ್ಣಿಗೆ ಹೋಯಿತು.

ಮಗ ನೀರಿನಿಂದ ದಾಪುಗಾಲು ಹಾಕುತ್ತ ಬಂದ. ಮತ್ತೆ ಮೇಲೆದ್ದಿದ್ದ ಆ ಸಣ್ಣ ಮುಂಗೈಯನ್ನು ಹಿಡಿದ. ಮೊದಲು ಬಿಗಿಯಾಗಿಯೇ ಹಿಡಿದ. ಅವನ ಬೆರಳ ಗೆಣ್ಣುಗಳು ಬಿಳಚಿದ್ದನ್ನು ನಾನು ನೋಡಿದೆ. ಅವನು ತನ್ನ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಒಂದೊಂದಾಗಿ ಬೆರಳು ಸಡಿಲಿಸಿದ.

"ಹೊಡಿಬಾರದಪಾ," ಎಂದ ಮೆತ್ತಗೆ. "ಅಜ್ಜಗ ನೋವಾಗತೈತಿ."

ಹುಡುಗನನ್ನು ಎತ್ತಿಕೊಂಡು ನೀರಿನ ಕಡೆ ಹೋದ. ನನ್ನ ಕೈಗಳು ಜೋಮು ಹಿಡಿದಿದ್ದವು. ಆದರೂ ಅವುಗಳನ್ನು ಹೊರಗೆ ತೆಗೆಯಲಿಲ್ಲ.